ಅನುಮಾನದ ಪಾಯಿಂಟು

ಆಳಂದ ಮತ್ತು ಅಫಜಲಪುರದ ಕಾಲೇಜುಗಳನ್ನು ಬೇರೆ ಬೇರೆ ವಲಯಕ್ಕೆ ಹಾಕಿಸಿದ್ದು ನಾನೇ. ಈ ಮಾತನ್ನು ನಾನು ಹೇಳಬೇಕಾಗಿದ್ದದ್ದು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ. ಹೇಳುವುದಕ್ಕೆ ಮೂರು ಸಲ ಅವಕಾಶ ಸಿಕ್ಕಿತ್ತು. ಮೂರೂ ಸಲ ಬಾಯಿಗೆ ಬೀಗ ಹಾಕಿಕೊಂಡು ಕೂತವನು ಈಗ ಕಾಗದದ ಮೇಲೆ ಬರೆಯುತ್ತಿದ್ದೇನೆ, ಪಂಕ್ತಿ ಎದ್ದುಹೋದ ಮೇಲೆ ಎಲೆ ಹಾಸಿದ ಹಾಗೆ.

ನಾನು ಆಳಂದದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುದ್ದೆಯ ಹೆಸರು ಉದ್ದ, ಕೋಣೆ ಗಿಡ್ಡ. ಚೆಂಡು, ನೆಟ್ಟು, ಕಬ್ಬಿಣದ ಗುಂಡು, ಧ್ವಜದ ಹಗ್ಗ, ಸುಣ್ಣದ ಚೀಲ, ಇವುಗಳ ನಡುವೆ ಒಂದು ಕುರ್ಚಿ, ಅದರ ಮೇಲೆ ನಾನು. ಹುಡುಗರು ಪಿ.ಡಿ. ಸರ ಎನ್ನುತ್ತಾರೆ. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯವನಿಗೆ ನಾನು ಸೀಟಿ ಮಾಸ್ತರ. ಇತಿಹಾಸ, ಅರ್ಥಶಾಸ್ತ್ರದವರು ನನ್ನನ್ನು ಅಧ್ಯಾಪಕ ಎಂದು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ಪರೀಕ್ಷೆ ಬಂದಾಗ ಬೆಂಚು ಎಣಿಸಲು ಮಾತ್ರ ನೆನಪಿಸಿಕೊಳ್ಳುತ್ತಾರೆ. ನನಗೂ ಅದರ ಬಗ್ಗೆ ತಕರಾರಿಲ್ಲ. ವರ್ಷದಲ್ಲಿ ಒಂದು ದಿನ ಇಡೀ ಕಾಲೇಜು ನನ್ನ ಬಾಯಿಯನ್ನೇ ನೋಡುತ್ತಿತ್ತು. ಆ ಒಂದು ದಿನ ನನಗೆ ಸಾಕಾಗುತ್ತಿತ್ತು.

ಅದು ಅಫಜಲಪುರದ ಜೊತೆ ಕಬಡ್ಡಿ ಆಡುವ ದಿನ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜುಗಳನ್ನು ಆಟೋಟಕ್ಕಾಗಿ ವಲಯಗಳಾಗಿ ಹಂಚಿರುತ್ತಾರೆ. ಒಂದು ವಲಯದ ಕಾಲೇಜುಗಳು ಮೊದಲು ತಮ್ಮತಮ್ಮಲ್ಲೇ ಆಡುತ್ತವೆ, ಗೆದ್ದವರು ಮುಂದೆ ಹೋಗುತ್ತಾರೆ. ಆಳಂದ, ಅಫಜಲಪುರ ಮೊದಲಿನಿಂದಲೂ ಒಂದೇ ವಲಯ. ಬೇರೆ ಯಾವ ಕಾಲೇಜು ಬಂದರೂ ಹೋದರೂ ಕಬಡ್ಡಿಯ ಫೈನಲ್ಲಿನಲ್ಲಿ ಈ ಎರಡೇ ಉಳಿಯುತ್ತಿದ್ದವು. ಒಂದು ವರ್ಷ ಅವರ ಮೈದಾನ, ಮರುವರ್ಷ ನಮ್ಮದು. ಅವರು ಭೀಮಾ ದಂಡೆಯವರು, ಕಬ್ಬು ಬೆಳೆಯುವವರು. ನಾವು ತೊಗರಿಯವರು. ಅವರ ಹುಡುಗರು ನಮ್ಮನ್ನು ನೋಡಿ ಒಣಕಟ್ಟಿಗೆ ಬಂತು ಎಂದು ಕೂಗುವುದು, ನಮ್ಮವರು ಅವರನ್ನು ನೋಡಿ ಬೆಲ್ಲದ ಮುದ್ದೆ ಬಂತು ಎಂದು ಕೂಗುವುದು. ಅಂದು ಎರಡೂ ಊರಿನಲ್ಲಿ ಅರ್ಧ ಅಂಗಡಿಗಳಲ್ಲಿ ಗಲ್ಲಾದ ಮೇಲೆ ಯಜಮಾನ ಇರುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಕಲಬುರಗಿಯಿಂದ ಹೊರಗಿನ ರೆಫ್ರಿಯನ್ನು ಕರೆಸಿದ್ದರು. ಕೊನೆಯ ಪಾಯಿಂಟಿಗೆ ಜಗಳ ಬಿತ್ತು. ಕುರ್ಚಿಗಳು ಮುರಿದವು. ರೆಫ್ರಿ ಪಾಪ ಕೆಮಿಸ್ಟ್ರಿ ಲ್ಯಾಬಿನೊಳಗೆ ಹೊಕ್ಕು ಚಿಲಕ ಹಾಕಿಕೊಂಡ. ಮರುವರ್ಷ ಎಷ್ಟು ಅಂಗಲಾಚಿದರೂ ಯಾರೂ ಬರಲು ಒಪ್ಪಲಿಲ್ಲ. ಆಗ ಅಫಜಲಪುರದ ಕಾಲೇಜಿಗೂ ಹೊಸದಾಗಿ ಒಬ್ಬ ಪಿ.ಡಿ. ಬಂದಿದ್ದರು, ಗಾಣಗಾಪುರದವರು. ಅವರ ಮನೆಯವರದು ಗುಡಿಯ ಹಾದಿಯಲ್ಲಿ ಕಾಯಿ-ಕರ್ಪೂರದ ಸಣ್ಣ ಅಂಗಡಿ. ನನಗಿಂತ ಒಂದೆರಡು ವರ್ಷಕ್ಕೆ ಹಿರಿಯರಿರಬೇಕು. ತಂಡ ಕರೆದುಕೊಂಡು ಬಂದವರು ಮೈದಾನದ ಗೆರೆಗಳನ್ನೊಮ್ಮೆ ನೋಡಿ, ನನ್ನ ಹತ್ತಿರ ಬಂದು ನಿಂತರು.

"ಏನ್ರಿ ಆಳಂದ ಸರ, ಯಾರೂ ಬರಾಂಗಿಲ್ಲಂದ್ರ ನಾವೇ ಊದೂನಲ್ರಿ. ಮದ್ಲಿನ ಅರ್ಧ ನಾ ಊದ್ತೇನಿ, ಹಿಂದಿನ ಅರ್ಧ ನೀವು ಊದ್ರಿ. ಆದ್ರ ಒಂದ ಮಾತು. ಅನುಮಾನ ಬಂತಂದ್ರ ಪಾಯಿಂಟು ಎದುರಿನವ್ರಿಗೆ. ನನ್ನ ಅರ್ಧದಾಗ ಅನುಮಾನದ್ದೆಲ್ಲಾ ನಿಮಗ. ನಿಮ್ಮ ಅರ್ಧದಾಗ ನಮಗ."

"ನಮ್ಮ ಹುಡುಗ್ರು ನಮ್ಮನ್ನ ಹೊಡೀತಾರ್ರಿ ಅಫಜಲಪುರ ಸರ," ಎಂದೆ.

"ಹೊಡೀಲಿ ಬಿಡ್ರಿ. ಹೊಡಿಯೂವ್ರು ನಮ್ಮವ್ರೇ ಅಲ್ಲೇನ್ರಿ?"

ಅಲ್ಲಿಂದ ಶುರುವಾದದ್ದು ಇಪ್ಪತ್ತೆರಡು ವರ್ಷ ನಡೆಯಿತು. ನಮ್ಮ ಕಾಲೇಜಿನ ಹುಡುಗರಿಗೆ ನಾನೇ ವೈರಿ, ಅವರ ಹುಡುಗರಿಗೆ ಅವರೇ ವೈರಿ. ಒಂದು ವರ್ಷ ಕಿಣ್ಣಿ ಸುಲ್ತಾನದ ನನ್ನ ಅಕ್ಕನ ಮಗ ನಮ್ಮ ತಂಡದಲ್ಲಿದ್ದ. ಕಾಲು ಗೆರೆಯ ಹೊರಗೆ ಹೋಯಿತೋ ಇಲ್ಲವೋ ನನಗೆ ಕಾಣಲಿಲ್ಲ. ಔಟ್ ಕೊಟ್ಟೆ. ಅಕ್ಕ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಇನ್ನೊಂದು ವರ್ಷ ಅವರು ತಮ್ಮದೇ ಊರಿನ ಮೈದಾನದಲ್ಲಿ, ತಮ್ಮದೇ ಜನರ ನಡುವೆ, ನಮಗೆ ಒಂದರ ಹಿಂದೊಂದು ಮೂರು ಅನುಮಾನದ ಪಾಯಿಂಟು ಕೊಟ್ಟರು. ನಾವು ಗೆದ್ದೆವು. ಅಂಗಿಯ ಕಾಲರು ಹರಿದುಕೊಂಡು ಹೊರಗೆ ಬಂದವರು ಕೈ ಝಾಡಿಸಿಕೊಳ್ಳುತ್ತ, "ಊಟ ಆರಾಕತ್ತದ, ನಡ್ರಿ" ಎಂದರು. ಊರಿನವರು ಬೈದರು, ಬೈದು ಬೈದು ಕೊನೆಗೆ ಆ ಪದ್ಧತಿಯ ಬಗ್ಗೆಯೇ ಜಂಬ ಕೊಚ್ಚತೊಡಗಿದರು. ಆಮೇಲೆ ಒಂದು ಕುರ್ಚಿಯೂ ಮುರಿಯಲಿಲ್ಲ.

ಆ ಪದ್ಧತಿಗೆ ಒಂದು ಬಾಲವೂ ಇತ್ತು. ಮ್ಯಾಚು ಮುಗಿದು, ಹುಡುಗರು ರೊಟ್ಟಿ, ಪುಂಡಿಪಲ್ಯಕ್ಕೆ ಮುಗಿಬಿದ್ದಾಗ ನಾವಿಬ್ಬರೂ ಬೇವಿನ ಗಿಡದ ಕೆಳಗೆ ಕೂರುತ್ತಿದ್ದೆವು. ನಮ್ಮ ಮೈದಾನದಲ್ಲೂ ಬೇವಿನ ಗಿಡ ಇದೆ, ಅವರಲ್ಲೂ ಇದೆ. ಅವರು ಮನೆಯಿಂದ ಕಟ್ಟಿಸಿಕೊಂಡು ಬಂದ ಶೇಂಗಾ ಹೋಳಿಗೆಯ ಡಬ್ಬಿ ತೆಗೆದು ನಡುವೆ ಇಟ್ಟು, "ಹೇಳ್ರಿ, ಇವತ್ತು ಎಷ್ಟು ತಪ್ಪು?" ಎಂದು ಕೇಳುತ್ತಿದ್ದರು. ಅಂದಿನ ಸೀಟಿಯಲ್ಲಿ ಯಾವುದು ತಪ್ಪಾಯಿತು ಎಂದು ಇಬ್ಬರೂ ಒಪ್ಪಿಕೊಳ್ಳಬೇಕು. ನಾನು ಎರಡು ಎಂದರೆ ಅವರು ಮೂರು ಎನ್ನುವರು. ಒಪ್ಪಿಕೊಂಡ ಮೇಲೆ ಅದರ ಮಾತು ಮುಗಿಯಿತು, ಮತ್ತೆ ಎತ್ತುವಂತಿಲ್ಲ. ನಾವು ಒಬ್ಬರ ಮನೆಗೆ ಒಬ್ಬರು ಹೋದವರಲ್ಲ, ಹಬ್ಬಕ್ಕೆ ಕರೆದವರಲ್ಲ. ಹೆಸರು ಹಿಡಿದು ಕರೆದದ್ದೂ ಇಲ್ಲ, ಊರಿನ ಹೆಸರೇ ನಮ್ಮ ಹೆಸರು. ಆದರೆ ನನ್ನ ತಪ್ಪುಗಳನ್ನು ನನ್ನ ಬಾಯಿಂದಲೇ ಇಷ್ಟು ವರ್ಷ ಕೇಳಿದವರು ಈ ಭೂಮಿಯ ಮೇಲೆ ಬೇರೆ ಯಾರೂ ಇಲ್ಲ. ನನ್ನ ಹೆಂಡತಿಯೂ ಇಲ್ಲ.

ಹೆಣ್ಣುಮಕ್ಕಳ ತಂಡ ಶುರುವಾದ ಮೇಲೆ ಜಿದ್ದು ಇನ್ನೂ ಏರಿತು. ಹುಡುಗರ ಆಟಕ್ಕಿಂತ ಅವರ ಆಟಕ್ಕೇ ಜನ ಹೆಚ್ಚು ಸೇರುತ್ತಿದ್ದರು. ಆ ಹೊತ್ತಿಗೇ ನಾವು ಸೋಲತೊಡಗಿದೆವು. ಒಂದು ವರ್ಷ ಸೋತೆವು, ಇರಲಿ ಎಂದುಕೊಂಡೆ. ಎರಡು, ಮೂರು, ನಾಲ್ಕು. ನಾಲ್ಕನೆಯ ಸಲ ಸೋತು ಬಂದ ಮರುದಿನ ನಮ್ಮ ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆಸಿ, ಗಾಜಿನ ಕಪಾಟಿನ ಕಡೆ ಕೈ ತೋರಿಸಿದರು. "ನೋಡ್ರಿ, ಕಪ್ ಇಡಾಕಂತ ಮಾಡ್ಸಿದ್ದು. ಈಗ ಅದ್ರಾಗ ನಾನು ನೀರಿನ ಬಾಟ್ಲಿ ಇಡಾಕತ್ತೇನಿ," ಎಂದರು. ನಗುತ್ತಲೇ ಹೇಳಿದರು. ಅಲ್ಲೇ ಇದ್ದ ಅರ್ಥಶಾಸ್ತ್ರದವರೂ ನಕ್ಕರು. ನಾನೂ ನಕ್ಕೆ. ಹೊರಗೆ ಬಂದು ಸುಣ್ಣದ ಚೀಲದ ಪಕ್ಕ ಕೂತಾಗ ಮೈ ಉರಿಯುತ್ತಿತ್ತು. ಉರಿ ಎಂದು ನಾನು ಖಚಿತವಾಗಿ ಹೇಳಬಲ್ಲ ಕೊನೆಯ ದಿನ ಅದು. ಆಮೇಲಿನದೆಲ್ಲ ಕಾಲಿಗೆ ಜೋಮು ಹಿಡಿದ ಹಾಗೆ. ಕಾಲು ಇದೆ, ನಡೆಯುತ್ತದೆ, ನನ್ನದು ಅನಿಸುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ವಲಯಗಳನ್ನು ಹೊಸದಾಗಿ ಹಂಚುವ ಮಾತು ಬಂತು. ಕೆಲವು ಕಾಲೇಜುಗಳು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿದ್ದವು, ಕೆಲವು ಕಡೆ ಹೊಸವು ತೆರೆದಿದ್ದವು, ಲೆಕ್ಕ ತಪ್ಪಿತ್ತು. ಐದು ಜನ ಪಿ.ಡಿ.ಗಳ ಒಂದು ಸಮಿತಿ ಮಾಡಿ ಕಲಬುರಗಿಗೆ ಕರೆದರು. ಅದರಲ್ಲಿ ನಾನೊಬ್ಬ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮೇಜಿನ ಮೇಲೆ ಜಿಲ್ಲೆಯ ನಕ್ಷೆ, ಅದರ ಮೇಲೆ ಹಾರದ ಹಾಗೆ ನಾಲ್ಕು ಚಹಾದ ಕಪ್ಪು. ಬೆಳಗಿನಿಂದ ಊಟದ ತನಕ ಎಲ್ಲ ಸರಾಗ ಆಯಿತು. ಊಟದ ಮೇಲೆ ಒಂದೇ ತಿಣುಕಾಟ ಉಳಿಯಿತು: ನಮ್ಮ ವಲಯದಲ್ಲಿ ಒಂದು ಕಾಲೇಜು ಹೆಚ್ಚು, ಜೇವರ್ಗಿಯ ಕಡೆಯ ವಲಯದಲ್ಲಿ ಒಂದು ಕಡಿಮೆ.

ಎಲ್ಲರಿಗಿಂತ ಹಿರಿಯರೊಬ್ಬರು ಬರೆದುಕೊಳ್ಳುತ್ತಿದ್ದರು. ಪೆನ್ನನ್ನು ಆಳಂದದಿಂದ ಕೆಳಗೆ ಅಫಜಲಪುರದವರೆಗೆ ಎಳೆದು, "ಇವೆರಡನ್ನ ಬಿಟ್ಟಬಿಡ್ರಿ. ಇವು ಮುಟ್ಟೂವಲ್ಲ. ಬ್ಯಾರೆ ಯಾವುದರೆ ನೋಡೂನು," ಎಂದರು. ಯಾರೂ ಏನೂ ಕೇಳಿರಲಿಲ್ಲ. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು.

"ಅಫಜಲಪುರನ ಜೇವರ್ಗಿ ಕಡೆ ಹಾಕ್ರಿ," ಎಂದೆ.

ನಾಲ್ವರೂ ನನ್ನ ಮುಖ ನೋಡಿದರು. "ಖರೇನೇ ಅಂತೀರೇನ್ರಿ?" ಎಂದು ಹಿರಿಯರು ಕೇಳಿದರು.

"ಹೆಣ್ಣುಹುಡುಗ್ರು ಬರ್ತಾರಲ್ರಿ ಈಗ. ಮ್ಯಾಚು ಮುಗಿಯೂದ್ರಾಗ ಹೊತ್ತು ಮುಣಗ್ತದ. ಆ ದಾರಿಗೆ ಸಂಜಿ ಮುಂದ ಬಸ್ ಎಲ್ಲವ? ತಂದಿ-ತಾಯಿ ಅಂಜ್ತಾರ."

ಹೆಣ್ಣುಮಕ್ಕಳ ಮಾತು ತೆಗೆದ ಮೇಲೆ ಎದುರು ಆಡುವವರು ಯಾರು? ಎಲ್ಲರೂ ಗೋಣು ಹಾಕಿದರು. ಹಿರಿಯರು ನಡಾವಳಿಯಲ್ಲಿ ಬರೆದರು: ಆಳಂದ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಸಲಹೆಯ ಮೇರೆಗೆ. ಓದಿ ನೋಡಿ ಎಂದು ಕಾಗದವನ್ನು ನನ್ನ ಕಡೆ ತಿರುಗಿಸಿದರು. ಓದಿದೆ. ಸಹಿ ಹಾಕಿದೆ.

ನಮ್ಮ ತಂಡ ಒಂದು ದಿನವೂ ಬಸ್ಸಿಗೆ ಕಾದಿಲ್ಲ. ಎಷ್ಟೋ ವರ್ಷಗಳಿಂದ ಒಂದೇ ಕ್ರೂಸರ್ ಗಾಡಿ, ಒಬ್ಬನೇ ಡ್ರೈವರ್. ಮಕ್ಕಳನ್ನು ಅವರವರ ಊರಿನ ದಾರಿಗೆ ಇಳಿಸಿಯೇ ಅವನು ಮನೆಗೆ ಹೋಗುತ್ತಿದ್ದ. ನನಗೆ ಬೇಕಾಗಿದ್ದದ್ದು ಆ ಗಾಜಿನ ಕಪಾಟಿಗೊಂದು ಕಪ್ಪು. ಅಫಜಲಪುರ ಇಲ್ಲದ ವಲಯದಲ್ಲಿ ನಮ್ಮನ್ನು ಸೋಲಿಸುವವರು ಇರಲಿಲ್ಲ. ಅದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆಳಂದಕ್ಕೆ ವಾಪಸು ಬರುವಾಗ ಏನಾದರೂ ಅನಿಸೀತು ಎಂದು ಕಾದೆ. ಹಸಿವಾಗುತ್ತಿತ್ತು, ಅಷ್ಟೆ.

ಸುತ್ತೋಲೆ ಬಂದ ದಿನವೇ ಅವರ ಫೋನು ಬಂತು.

"ನೋಡಿದ್ರೇನ್ರಿ ಆಳಂದ ಸರ?"

"ನೋಡಿದೆ ರೀ."

"ಯಾವ ಪುಣ್ಯಾತ್ಮ ಮಾಡ್ಯಾನ್ರಿ ಇದನ್ನ? ನಮ್ಮನ್ನ ಜೇವರ್ಗಿಗೆ ಹಾಕ್ಯಾರ. ನಕ್ಷಾನರೆ ನೋಡ್ಯಾರಿಲ್ಲ?"

ಇದು ಮೊದಲ ಅವಕಾಶ. ನನ್ನ ಮೇಜಿನ ಮೇಲೆ ಸೀಟಿಯ ದಾರ ಬಿದ್ದಿತ್ತು, ಅದನ್ನು ಬೆರಳಿಗೆ ಸುತ್ತುತ್ತಿದ್ದೆ. "ಏನ್ ಮಾಡೂದ್ರಿ, ಮ್ಯಾಲಿನವ್ರು," ಎಂದೆ. ಸಮಿತಿಯಲ್ಲಿ ಯಾರ್ಯಾರಿದ್ದರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಫೋನು ಇಟ್ಟೆವು.

ಆ ವರ್ಷ ನಾವು ವಲಯದ ಕಪ್ಪು ಗೆದ್ದೆವು. ಎದುರಿನ ತಂಡ ಚಿಕ್ಕ ಕಾಲೇಜಿನದು, ಆ ಮಕ್ಕಳಿಗೆ ಒಂದೇ ಬಣ್ಣದ ಬನಿಯನ್ನೂ ಇರಲಿಲ್ಲ. ಹೊರಗಿನಿಂದ ಬಂದ ರೆಫ್ರಿ ಊದಿದ, ಯಾರೂ ತಕರಾರು ಮಾಡಲಿಲ್ಲ, ತಕರಾರು ಮಾಡುವಂಥ ಆಟವೇ ಅಲ್ಲಿ ನಡೆಯಲಿಲ್ಲ. ಆಟ ಮುಗಿದದ್ದು ಪೇಟೆಯಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಪ್ರಿನ್ಸಿಪಾಲರು ನೀರಿನ ಬಾಟಲಿ ತೆಗೆದು ಕಪ್ಪು ಇಟ್ಟರು. ನನಗೆ ಶಾಲು ಹೊದಿಸಿದರು. ಫೋಟೊ ತೆಗೆದರು. ಆ ಫೋಟೊದಲ್ಲಿ ನಾನು ಬ್ಯಾಂಕಿನಲ್ಲಿ ಪಾಳಿಗೆ ನಿಂತವನಂತೆ ಕಾಣುತ್ತೇನೆ.

ಜೇವರ್ಗಿಯಲ್ಲಿ ಅವರ ಹುಡುಗಿಯರೂ ಗೆದ್ದರು. ನಾನೇ ಫೋನು ಮಾಡಿ ಅಭಿನಂದನೆ ಹೇಳಿದೆ. "ಜೇವರ್ಗಿಯವ್ರು ಭಾರಿ ಚಲೋ ಆಡ್ತಾರ್ರಿ," ಎಂದರು. "ಆದ್ರ ಆಟ ಮುಗದ ಕೂಡ್ಲೆ ಕೈ ಕೊಟ್ಟು ಹೋಗಿಬಿಡ್ತಾರ. ಹೋಳಿಗಿ ಡಬ್ಬಿ ಹಂಗೇ ವಾಪಸ್ ಒಯ್ದೆ." ಅವರಿಗೆ ಅಲ್ಲಿ ಸೀಟಿ ಊದುವ ಕೆಲಸ ಇರಲಿಲ್ಲ. ಗೆರೆಯ ಹೊರಗೆ ಕುರ್ಚಿ ಹಾಕಿ ಕೂರಿಸಿದ್ದರಂತೆ.

ಅದಾಗಿ ತಿಂಗಳು ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಅವರು ಮೋಟರ್‌ಸೈಕಲ್ ಮೇಲೆ ನಮ್ಮ ಮೈದಾನಕ್ಕೆ ಬಂದರು. ಆಟವಿಲ್ಲದೆ ಅವರು ಆಳಂದಕ್ಕೆ ಬಂದದ್ದು ಅದೇ ಮೊದಲು. ನಾನು ಖೋಖೋ ಅಂಕಣಕ್ಕೆ ಸುಣ್ಣ ಹಾಕಿಸುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಜೇಬಿನಿಂದ ಒಂದು ಕಾಗದ ತೆಗೆದರು. ಎರಡೂ ಕಾಲೇಜುಗಳನ್ನು ಮತ್ತೆ ಒಂದೇ ವಲಯಕ್ಕೆ ಹಾಕಬೇಕೆಂದು ಮನವಿ. ಚೆಂದದ ಅಕ್ಷರದಲ್ಲಿ ಕೈಯಿಂದಲೇ ಬರೆದಿದ್ದರು.

"ಮದ್ಲ ಓದ್ರಿ," ಎಂದರು.

ಓದಿದೆ. ಎರಡು ಊರುಗಳ ಆಟದ ನಂಟಿನ ಬಗ್ಗೆ, ಅನುಮಾನದ ಪಾಯಿಂಟಿನ ಪದ್ಧತಿಯ ಬಗ್ಗೆ, ಯಾವ ಕಾರಣಕ್ಕೋ ತಿಳಿಯದು ಈ ಎರಡನ್ನು ಬೇರೆ ಮಾಡಲಾಗಿದೆ ಎಂಬ ಬಗ್ಗೆ.

"ಏನರೆ ಬರಿಯೂದು ಬಿಟ್ಟದೇನ್ರಿ?"

"ಇಲ್ರಿ. ಬರೋಬರಿ ಅದ."

"ಸಾವಕಾಶ ನೋಡ್ರಿ. ನನಗೇನ ಅವಸರ ಇಲ್ಲ. ಎಲ್ಲೆರೆ ತಿದ್ದೂದಿದ್ರ ತಿದ್ರಿ."

ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಸುಣ್ಣದ ಗೆರೆಯ ಕಡೆ ನೋಡುತ್ತಿದ್ದರು. ಇದು ಎರಡನೆಯ ಅವಕಾಶ, ಮೊದಲಿನದಕ್ಕಿಂತ ದೊಡ್ಡದು. ಹೇಳಿಬಿಡಬೇಕು ಎಂದು ಬುದ್ಧಿಗೆ ಗೊತ್ತಿತ್ತು. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಪೆನ್ನು ಕೇಳಿದೆ. ಕೊಟ್ಟರು. ನಡಾವಳಿಯಲ್ಲಿ ಹಾಕಿದ ಸಹಿಯನ್ನೇ ಮನವಿಯ ಕೆಳಗೂ ಹಾಕಿದೆ. ಅವರು ಸಹಿಯನ್ನು ಸ್ವಲ್ಪ ಹೊತ್ತು ನೋಡಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಚಹಾ ಹೇಳ್ತೇನಿ ತಡೀರಿ," ಎಂದೆ. ಆಟಕ್ಕೆ ಬಂದಾಗ ಎರಡು ಕಪ್ಪು ಕುಡಿಯದೆ ಏಳದ ಮನುಷ್ಯ.

"ಬ್ಯಾಡ್ರಿ, ಬಿಸಲ ಏರ್ತದ," ಎಂದು ಹೊರಟುಹೋದರು.

ಮನವಿಗೆ ಉತ್ತರ ಬಂತೇ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಮರುವರ್ಷವೂ ಹಳೆಯ ಸುತ್ತೋಲೆಯೇ ಬಂತು. ಆಮೇಲೊಂದು ದಿನ ಅವರೇ ಫೋನು ಮಾಡಿದರು. "ವಲಯದ ಮನಿ ಹಾಳಾಗ್ಲಿ ಆಳಂದ ಸರ. ನಮ್ಮ ಹುಡುಗ್ಯಾರು, ನಿಮ್ಮ ಹುಡುಗ್ಯಾರು ಒಂದ ಮ್ಯಾಚು ಆಡೂನು. ಕಪ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಸೀಟಿ ಹಳೇ ಪದ್ಧತಿಲೇ. ಬರ್ರಿ." ಹೂಂ ಎಂದೆ.

ನಮ್ಮ ತಂಡದ ನಾಯಕಿ ಹಿರೋಳ್ಳಿಯ ಹುಡುಗಿ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಉಸಿರು ಹಿಡಿದು ಎದುರಿನ ಅಂಕಣಕ್ಕೆ ನುಗ್ಗಿದಳೆಂದರೆ ಕಾಲು ಎಲ್ಲಿ, ಕೈ ಎಲ್ಲಿ ತಿಳಿಯುತ್ತಿರಲಿಲ್ಲ. ಕೊನೆಯ ವರ್ಷದ ಪದವಿ, ಅವಳ ಪಾಲಿಗೆ ಅಫಜಲಪುರದ ಜೊತೆ ಇದೇ ಕಡೆಯ ಆಟ. ಮೊದಲ ವರ್ಷ ಅವರಿಗೆ ಸೋತಾಗ ಅತ್ತಿದ್ದಳು. ಕ್ರೂಸರಿನಲ್ಲಿ ಮುಂದಿನ ಸೀಟಿಗೆ ಬಾಗಿ, "ಸರ, ಇವತ್ತ ಅನುಮಾನದ ಪಾಯಿಂಟು ಬರದಂಗ ಆಡ್ತೇನಿ. ನೀವು ಅವ್ರಿಗೆ ಕೊಡಾಕ ಒಂದೂ ಸಿಗಬಾರ್ದು," ಎಂದಳು. ಡ್ರೈವರ್ ನಕ್ಕ.

ಅಫಜಲಪುರದ ಮೈದಾನದ ಸುತ್ತ ಜನ ಹೇಗೆ ಸೇರಿದ್ದರೆಂದರೆ ಗೋಡೆ ಕಾಣುತ್ತಿರಲಿಲ್ಲ. ಒಣಕಟ್ಟಿಗೆ ಬಂತು ಎಂದು ಕೂಗಿದರು. ನಮ್ಮ ಹುಡುಗಿಯರು ಅವರಿಗಿಂತ ಜೋರಾಗಿ ಬೆಲ್ಲದ ಮುದ್ದೆ ಎಂದರು. ಮೊದಲ ಅರ್ಧ ಅವರ ಸೀಟಿ. ಎರಡು ಅನುಮಾನದ ಪಾಯಿಂಟು ಬಂದವು, ಎರಡನ್ನೂ ಕಣ್ಣು ಮಿಟುಕಿಸದೆ ನಮಗೆ ಕೊಟ್ಟರು. ಜನ ಬೈದರು. ಎರಡನೆಯ ಅರ್ಧ ನನ್ನದು. ಹಿಂದೆ ಮುಂದೆ ಆಗುತ್ತ ಕೊನೆಗೆ ಸಮ ಸಮ ಬಂದು ನಿಂತಿತು. ಉಳಿದದ್ದು ಒಂದೇ ದಾಳಿ, ಅದು ನಮ್ಮದು. ಹಿರೋಳ್ಳಿಯ ಹುಡುಗಿ ಒಳಗೆ ಹೋದಳು.

ಮೂಲೆಯ ಹುಡುಗಿಯ ಮೊಣಕೈ ಮುಟ್ಟಿ ತಿರುಗಿದಳು. ಇಬ್ಬರು ಸೊಂಟ ಹಿಡಿದರು, ಮೂರನೆಯವಳು ಕಾಲು. ಅವರನ್ನೆಲ್ಲ ಎಳೆದುಕೊಂಡೇ ಮುಂದಕ್ಕೆ ಬಿದ್ದು ಬಲಗೈ ಚಾಚಿದಳು. ನಾನು ನಡುಗೆರೆಯ ಮೇಲೆಯೇ ನಿಂತಿದ್ದೆ. ಅವಳ ಬೆರಳುಗಳು ನನ್ನ ಬೂಟಿನಿಂದ ಒಂದು ಗೇಣು ದೂರದಲ್ಲಿ ಸುಣ್ಣಕ್ಕೆ ತಾಗಿದವು. ತಾಗಿ, ಸುಣ್ಣವನ್ನು ಸ್ವಲ್ಪ ಕೆದರಿದವು. ಗೆರೆ ಮುಟ್ಟಿದ ಮೇಲೆ ಪಾಯಿಂಟು ನಮ್ಮದು, ಆಟ ನಮ್ಮದು. ಅದರಲ್ಲಿ ಅನುಮಾನವೇನೂ ಇರಲಿಲ್ಲ.

ಸೀಟಿ ಊದಿ ಕೈಯನ್ನು ಅಫಜಲಪುರದ ಕಡೆ ಎತ್ತಿದೆ. ಗೆರೆಗೆ ಮೊದಲೇ ಹಿಡಿದರು, ಔಟ್.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಒಂದು ತಪ್ಪಿಗೆ ಇನ್ನೊಂದು ತಪ್ಪು ಹಾಕಿದರೆ ತಕ್ಕಡಿ ಸಮ ಆಗುತ್ತದೆ ಎಂದುಕೊಂಡಿರಬೇಕು. ಅವರಿಂದ ಕಿತ್ತುಕೊಂಡದ್ದನ್ನು ಹೀಗೆ ವಾಪಸು ಕೊಟ್ಟುಬಿಟ್ಟೆ, ಇನ್ನು ಬಾಯಿ ಬಿಡುವ ಅಗತ್ಯವಿಲ್ಲ ಎಂದು. ಆ ಕ್ಷಣದಲ್ಲಿ ಮಾತ್ರ ಏನೂ ಅಂದುಕೊಳ್ಳಲಿಲ್ಲ, ಕೈ ತಾನಾಗಿ ಎದ್ದಿತು. ಜನ ಕುಣಿದರು. ಹುಡುಗಿ ನೆಲದ ಮೇಲಿಂದಲೇ ನನ್ನನ್ನು ನೋಡಿದಳು, ಎದ್ದಳು, ಪದ್ಧತಿಯಂತೆ ಎದುರಿನವರ ಕೈ ಕುಲುಕಲು ಹೋದಳು.

ಬೇವಿನ ಗಿಡದ ಕೆಳಗೆ ಅವರು ಮೊದಲೇ ಬಂದು ಕೂತಿದ್ದರು. ಡಬ್ಬಿ ನಡುವೆ ಇತ್ತು, ಮುಚ್ಚಳ ತೆಗೆದಿರಲಿಲ್ಲ.

"ಹೇಳ್ರಿ, ಇವತ್ತು ಎಷ್ಟು ತಪ್ಪು?"

ಇದು ಮೂರನೆಯದು. "ಕೊನೀದು ಒಂದ ಅನುಮಾನ ಇತ್ತು ನೋಡ್ರಿ," ಎಂದೆ.

"ಅನುಮಾನ ಇರ್ಲಿಲ್ರಿ. ಆ ಹುಡುಗಿ ನಮ್ಮವ್ರಿಗೆ ಕೈ ಕೊಡಾಕ ಬಂದಾಗ ಬೆರಳಿಗೆ ಸುಣ್ಣ ಹತ್ತಿತ್ತು. ನಾ ನೋಡಿದೆ." ದನಿ ಏರಿಸಲಿಲ್ಲ. "ಇಪ್ಪತ್ತೆರಡು ವರ್ಷ ನೀವು ತಪ್ಪು ಊದೀರಿ, ನಾನೂ ಊದೀನಿ. ಸುಳ್ಳು ಊದಿದ್ದು ಇವತ್ತೇ ಮದ್ಲು."

ಅವರು ಅಂಗಿಯ ಜೇಬಿನಿಂದ ಕಾಗದ ತೆಗೆದು ಡಬ್ಬಿಯ ಮೇಲೆ ಇಟ್ಟರು. ನಾಲ್ಕು ಮಡಿಕೆ, ಮಡಿಕೆಗಳಲ್ಲಿ ಕೊಳೆ ಹತ್ತಿತ್ತು. ಬಿಡಿಸದೆಯೇ ಅದು ಯಾವುದೆಂದು ಗೊತ್ತಾಯಿತು.

"ಇದನ್ನ ಕೊಟ್ಟಿಲ್ರಿ?" ಎಂದೆ.

"ಇಲ್ಲ. ಸಭಾದ ನಡಾವಳಿ ನಾ ಮದ್ಲೇ ಓದಿದ್ದೆ. ನಿಮ್ಮ ಸಲಹಾ ಅಂತ ಬರದದ, ಕೆಳಗ ನಿಮ್ಮ ಸಹಿ ಅದ. ಆದ್ರೂ ಅನುಮಾನ ಇತ್ರಿ ನನಗ. ಮಾತು ಯಾರದೋ ಇರ್ಬೇಕು, ಬರಿಯೂವ್ರು ಇವ್ರ ಹೆಸರ ಮ್ಯಾಲ ಹಾಕ್ಯಾರ ಅಂತ. ಅನುಮಾನ ಬಂದ್ರ ಎದುರಿನವ್ರಿಗೆ ಕೊಡೂದಲ್ರಿ ನಮ್ಮ ಪದ್ಧತಿ? ನಿಮಗ ಕೊಟ್ಟೆ. ಅದಕ್ಕ ಈ ಕಾಗದ ಬರಕೊಂಡು ಆಳಂದಕ್ಕ ಬಂದೆ. ಬರೋಬರಿ ಅದ ಅಂದು ನೀವು ಇದಕ್ಕೂ ಸಹಿ ಹಾಕಿದ್ರಿ."

ಊಟದ ಕಡೆಯಿಂದ ಹುಡುಗಿಯರ ನಗು ಕೇಳುತ್ತಿತ್ತು. ಎರಡೂ ಊರಿನವರು ಕೂಡಿಯೇ ನಗುತ್ತಿದ್ದರು. ಮಾಫ್ ಮಾಡ್ರಿ ಎನ್ನಬೇಕಿತ್ತು. ಆ ಎರಡು ಶಬ್ದಗಳು ನಾಲಿಗೆಯ ತುದಿಯವರೆಗೆ ಬಂದದ್ದು ನಿಜ. ಬಂದು ಅಲ್ಲೇ ನಿಂತವು.

ಅವರು ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಹೋಳಿಗಿ ಹುಡುಗ್ಯಾರಿಗೆ ಕೊಡ್ರಿ, ದಾರಿಗೆ ಆಗ್ತಾವ," ಎಂದು ಏಳುತ್ತ, ಧೋತರ ಕೊಡವುವಂತೆ ಪ್ಯಾಂಟಿನ ಧೂಳು ಝಾಡಿಸಿದರು. ಎರಡು ಹೆಜ್ಜೆ ಹೋಗಿ ನಿಂತು, "ಮ್ಯಾಚು ಬಿಡೂದು ಬ್ಯಾಡ್ರಿ, ಮಕ್ಕಳು ಆಡ್ಲಿ. ಮುಂದಿನ ಸಲ ಹೊರಗಿನ ರೆಫ್ರಿನ ಕರ್ಸೂನು," ಎಂದರು.

ವಾಪಸು ಬರುವಾಗ ಕ್ರೂಸರಿನಲ್ಲಿ ಹೋಳಿಗೆ ಹಂಚಿದೆ. ಎಲ್ಲರೂ ತೆಗೆದುಕೊಂಡರು. ಹಿರೋಳ್ಳಿಯ ಹುಡುಗಿ ಬೇಡ ಎಂದು ತಲೆ ಅಲ್ಲಾಡಿಸಿದಳು. ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದಳು. ಊಟಕ್ಕೂ ಕೂತಿರಲಿಲ್ಲ ಎಂದು ಕಾಣುತ್ತದೆ, ಬೆರಳುಗಳ ತುದಿ ಇನ್ನೂ ಬೆಳ್ಳಗಿತ್ತು. ಆಳಂದ ದಾಟಿ, ಒಬ್ಬೊಬ್ಬರಾಗಿ ಇಳಿದು, ಕೊನೆಗೆ ಅವಳೊಬ್ಬಳೇ ಉಳಿದಳು.

"ನಿನ್ನ ಪಾಯಿಂಟು ಇತ್ತವ್ವ ಅದು," ಎಂದೆ. ಹಿಂದೆ ತಿರುಗದೆ ಹೇಳಿದೆ, ಗಾಡಿಯ ಗಾಜಿಗೆ ಹೇಳಿದ ಹಾಗೆ.

"ಗೊತ್ತದ ಸರ."

ಡ್ರೈವರ್ ಒಮ್ಮೆ ನನ್ನ ಕಡೆ ನೋಡಿ ಮತ್ತೆ ದಾರಿ ನೋಡಿದ. ಸ್ವಲ್ಪ ದೂರ ಹೋದ ಮೇಲೆ ಅವಳು ಕೇಳಿದಳು. "ಅಲ್ಲೇ ಯಾಕ ಹೇಳಲಿಲ್ರಿ ಸರ?"

ಅವಳು ಕೇಳಿದ್ದು ಒಂದು ಪಾಯಿಂಟಿನ ಬಗ್ಗೆ. ನಾನು ಹೋಳಿಗೆಯ ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ. ಹಿರೋಳ್ಳಿ ಬಂತು. ಚೀಲ ಹೆಗಲಿಗೆ ಹಾಕಿಕೊಂಡು ಇಳಿದಳು. ಮೂರು ವರ್ಷ ಪ್ರತಿ ಸಲ ಇಳಿಯುವಾಗ "ಬರ್ತೇನ್ರಿ ಸರ" ಎನ್ನುತ್ತಿದ್ದವಳು ಅಂದು ಏನೂ ಹೇಳದೆ ಮನೆಯ ಕಡೆ ನಡೆದಳು.